ಶಟರ್ ಎತ್ತುವ ಕೈ ಯಾರದ್ದು?

ಮನೆಯ ಕಾರ್ ಶೆಡ್ಡಿನ ಶಟರೋ ಅಂಗಡಿಯ ಶಟರೋ ಕೆಟ್ಟಿತು ಅಂದರೆ ನಮ್ಮಲ್ಲಿ ಎರಡು ಸಲಹೆ ಕೂಡಲೇ ಸಿಗುತ್ತವೆ. ಒಂದು ಗಲ್ಫಿನಿಂದ ಫೋನಿನಲ್ಲಿ ಬರುತ್ತದೆ: "ತೆಗೆದು ಹೊಸದು ಹಾಕಿಸಿ, ಹಣ ಕಳಿಸ್ತೇನೆ." ಇನ್ನೊಂದು ಪಕ್ಕದ ಮನೆಯ ಜಗಲಿಯಿಂದ: "ಸ್ವಲ್ಪ ಆಯಿಲ್ ಬಿಡಿ, ಸರಿಯಾಗ್ತದೆ." ಈ ಎರಡು ಸಲಹೆ ಕೊಡುವವರೂ ಹೆಚ್ಚಾಗಿ ಆ ಶಟರನ್ನು ಒಮ್ಮೆಯೂ ಕೈಯಲ್ಲಿ ಎತ್ತಿ ನೋಡಿದವರಲ್ಲ. ಹೊಸದಕ್ಕೆ ಎಷ್ಟಾಗುತ್ತದೆ, ಹಳೆಯದಕ್ಕೆ ಎಷ್ಟು ವರ್ಷವಾಯಿತು ಎಂಬ ಎರಡು ಲೆಕ್ಕದಲ್ಲೇ ಮಾತು ಮುಗಿಯುತ್ತದೆ. ನನ್ನ ಪ್ರಕಾರ ಈ ಎರಡೂ ಲೆಕ್ಕ ಆಮೇಲಿನದು. ಮೊದಲು ಕೇಳಬೇಕಾದದ್ದು ಆ ಶಟರನ್ನು ದಿನಾ ಎತ್ತುವವರು ಯಾರು, ಎಷ್ಟು ಹೊತ್ತಿಗೆ ಎತ್ತುತ್ತಾರೆ, ಹೊರಗಿನಿಂದ ಎತ್ತುತ್ತಾರೋ ಒಳಗಿನಿಂದಲೋ ಎಂದು.

ಹೀಗೆ ಹೇಳಲು ಕಾರಣ ಇದೆ. ಕಳೆದ ಒಂದು ವರ್ಷದಲ್ಲಿ ನಮ್ಮ ಕುಟುಂಬದಲ್ಲಿ ಎರಡು ಶಟರಿನ ಪಂಚಾಯಿತಿಕೆ ಆಯಿತು. ಒಂದು ನಾನು ಬೇಕರಿ ನಡೆಸುವ ನಾರಾಯಣಖೇಡ್‌ನದ್ದು, ಇನ್ನೊಂದು ಉಳ್ಳಾಲದಲ್ಲಿರುವ ನಮ್ಮ ಮನೆಯದ್ದು. ನಾರಾಯಣಖೇಡ್‌ನದ್ದನ್ನು ಎಲ್ಲರೂ ಹೊಸದು ಹಾಕಿ ಅಂದರು, ನಾನು ರಿಪೇರಿ ಮಾಡಿಸಿದೆ. ಉಳ್ಳಾಲದ್ದನ್ನು ರಿಪೇರಿ ಸಾಕು ಅಂದರು, ನಾನು ಬದಲಾಯಿಸಲೇಬೇಕು ಎಂದು ಹಟ ಹಿಡಿದೆ. "ನಿನಗೆ ನಿನ್ನದೇ ಹಣವಾದರೆ ರಿಪೇರಿ, ಅಣ್ಣನ ಹಣವಾದರೆ ಹೊಸದು" ಎಂದು ಮನೆಯಲ್ಲಿ ತಮಾಷೆಯೂ ಆಯಿತು. ಎರಡು ಕಡೆಯೂ ನಾನು ನೋಡಿದ್ದು ಒಂದೇ ವಿಷಯವನ್ನು.

ನಾರಾಯಣಖೇಡ್ ನಮ್ಮವರಲ್ಲಿ ಹೆಚ್ಚಿನವರಿಗೆ ಗೊತ್ತಿರಲಿಕ್ಕಿಲ್ಲ. ಈಗ ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆಯಲ್ಲಿದೆ. 1956ರ ರಾಜ್ಯ ಪುನರ್ವಿಂಗಡಣೆಯ ತನಕ ಬೀದರ್ ಜಿಲ್ಲೆಯ ತಾಲೂಕು. ಆಗ ಜಹೀರಾಬಾದ್ ಜೊತೆಗೆ ಮೇದಕ್ ಜಿಲ್ಲೆಗೆ ಸೇರಿತು. ಅದೇ ಹೊತ್ತಿಗೆ ತಾಂಡೂರು ಗುಲ್ಬರ್ಗದಿಂದ ಆ ಕಡೆಗೆ ಹೋಯಿತು. ಗಿರಾಕಿಗಳು ತೆಲುಗು, ದಖನಿ ಉರ್ದು, ಕನ್ನಡ, ಮರಾಠಿ ಯಾವುದರಲ್ಲಿ ಬೇಕಾದರೂ ಬನ್ ಕೇಳುತ್ತಾರೆ. ಕರಾವಳಿಯಿಂದ ಹೋದವನಿಗೆ ಮೊದಲು ಬೇರೆ ಅನಿಸುವುದು ಭಾಷೆಯಲ್ಲ, ನೆಲ. ಕಪ್ಪು ಮಣ್ಣು. ಶಟರಿನ ಮಾತಿನಲ್ಲಿ ಮಣ್ಣು ಯಾಕೆ ಬಂತು ಎಂದು ಮುಂದೆ ಹೇಳುತ್ತೇನೆ.

ಮಂಗಳೂರು ಬಂದರಿನ ಹಳೆಯ ಅಂಗಡಿಗಳ ಹಲಗೆ ಬಾಗಿಲು ನೋಡಿದವರಿಗೆ ಶಟರ್ ಅರ್ಥವಾಗುವುದು ಸುಲಭ. ಮೇಲೆ ಕೆಳಗೆ ಮರದ ತೋಡು, ಅದರಲ್ಲಿ ಒಂದೊಂದೇ ಹಲಗೆ ಕೂರಿಸುತ್ತಾ ಹೋಗುವುದು, ಗುರುತಿಗೆ ಹಲಗೆಯ ಮೇಲೆ ಸಂಖ್ಯೆ. ಮಳೆಗೆ ಒಂದು ಹಲಗೆ ಕುಂಬಾದರೆ ಆ ಒಂದನ್ನು ಆಚಾರಿಯಿಂದ ಮಾಡಿಸುತ್ತಿದ್ದರು. ಮೂರನೇ ಹಲಗೆ ಹಾಳಾಯಿತೆಂದು ಇಡೀ ಬಾಗಿಲು ಎಸೆದವರಿಲ್ಲ. ಶಟರ್ ಕೂಡ ಅದೇ ಜಾತಿ. ದೂರದಿಂದ ಒಂದೇ ತಗಡಿನ ಹಾಗೆ ಕಂಡರೂ ಅದು ಅಡ್ಡ ಪಟ್ಟಿಗಳ ಸಾಲು. ಒಂದರ ಅಂಚಿನ ಮಡಿಕೆಯೊಳಗೆ ಇನ್ನೊಂದರ ಅಂಚು ಕೂತಿರುತ್ತದೆ. ಕೊನೆಯಲ್ಲಿ ಪಟ್ಟಿ ಅತ್ತಿತ್ತ ಜಾರದ ಹಾಗೆ ಸಣ್ಣ ತಡೆ. ಆ ತಡೆ ಬಿಚ್ಚಿ, ಶಟರನ್ನು ಗೈಡಿನಿಂದ ಹೊರಗೆ ತಂದರೆ, ಬೇಕಾದ ಪಟ್ಟಿಯನ್ನು ಪಕ್ಕಕ್ಕೆ ಎಳೆದು ತೆಗೆಯಬಹುದು. ಪಟ್ಟಿ, ಎರಡು ಬದಿಯ ಗೈಡ್, ಕೆಳಗಿನ ದಪ್ಪ ಪಟ್ಟಿ, ಮೇಲಿನ ಪೈಪು, ಅದರೊಳಗಿನ ಸ್ಪ್ರಿಂಗು, ಎರಡು ಬ್ರಾಕೆಟ್, ಬೀಗದ ಕೊಂಡಿ. ಇಷ್ಟೇ. "ಶಟರ್ ಹಾಳಾಗಿದೆ" ಎಂದು ಯಾರಾದರೂ ಹೇಳಿದರೆ ಇವುಗಳಲ್ಲಿ ಯಾವುದು ಎಂದು ಕೇಳಬೇಕು. ಉತ್ತರ ಬರದಿದ್ದರೆ ಅವರು ನೋಡಿಲ್ಲ.

ನಾರಾಯಣಖೇಡ್‌ನಲ್ಲಿ ಆದದ್ದು ಇಷ್ಟು. ಹಿಟ್ಟಿನ ಮೂಟೆ ಇಳಿಸಲು ಬಂದ ಗೂಡ್ಸ್ ಆಟೋ ಹಿಂದಕ್ಕೆ ಜಾರಿ ಪಿಕಪ್ ನಿಲ್ಲಿಸುವ ಭಾಗದ ಶಟರಿಗೆ ಗುದ್ದಿತು. ಕೆಳಗಿನ ಪಟ್ಟಿ ಬಿಲ್ಲಿನ ಹಾಗೆ ಬಾಗಿತು, ಅದರ ಮೇಲಿನ ನಾಲ್ಕು ಪಟ್ಟಿ ತಗ್ಗಾಯಿತು, ಬಲಗಡೆಯ ಗೈಡಿನ ಬಾಯಿ ಅಗಲವಾಯಿತು. ಇಬ್ಬರು ಶಟರ್ ಕೆಲಸದವರು ಬಂದು ನೋಡಿದರು. ಇಬ್ಬರೂ ಒಂದೇ ಮಾತು: ಪೂರ್ತಿ ತೆಗೆಯಿರಿ. 10 ಅಡಿ ಅಗಲ, 8 ಅಡಿ ಎತ್ತರಕ್ಕೆ ಒಬ್ಬರು 26,000 ಅಂದರು, ಇನ್ನೊಬ್ಬರು 24,000.

ಅವರು ಮೋಸ ಮಾಡಲು ಹೊರಟಿದ್ದರು ಎಂದು ನಾನು ಹೇಳುವುದಿಲ್ಲ. ಅವರ ಲೆಕ್ಕವೇ ಹಾಗಿದೆ. ಹೊಸದು ಹಾಕಿದರೆ ಚದರಡಿಗೆ ಇಷ್ಟು ಎಂದು ಸಿಗುತ್ತದೆ, ಒಂದು ದಿನದಲ್ಲಿ ಕೆಲಸ ಮುಗಿಯುತ್ತದೆ. ರಿಪೇರಿ ಅಂದರೆ ದಿನದ ಕೂಲಿ. ಹಳೆಯ ಪಟ್ಟಿಯ ಅಳತೆಗೆ ಹೊಂದುವ ಪಟ್ಟಿ ಹುಡುಕಬೇಕು, ಆಮೇಲೆ ಏನಾದರೂ ಆದರೆ "ನೀನೇ ಮುಟ್ಟಿದ್ದು" ಎಂಬ ಮಾತು ಬೇರೆ. ರಿಪೇರಿಯಲ್ಲಿ ಅವರಿಗೆ ಲಾಭ ಕಡಿಮೆ, ತಲೆನೋವು ಜಾಸ್ತಿ. ಹಾಗಾಗಿ ಕೆಲಸದವನ ಬಾಯಿಂದ ರಿಪೇರಿ ಎಂಬ ಮಾತು ತಾನಾಗಿ ಬರುವುದಿಲ್ಲ, ನಾವೇ ಕೇಳಬೇಕು. ಕೇಳುವಾಗಲೂ "ರಿಪೇರಿ ಆಗ್ತದಾ?" ಎಂದರೆ ಪ್ರಯೋಜನವಿಲ್ಲ, ಇಲ್ಲ ಎಂದೇ ಉತ್ತರ. "ಕೆಳಗಿನ ಪಟ್ಟಿ ಹೊಸದು, ನಾಲ್ಕು ಪಟ್ಟಿ ಬದಲು, ಬಲಗಡೆ ಗೈಡ್ ಬದಲು, ಇದಕ್ಕೆ ಎಷ್ಟು?" ಎಂದು ಕೇಳಬೇಕು. ನಾನು ಹಾಗೆ ಕೇಳಿದ ಮೂರನೆಯ ಮೇಸ್ತ್ರಿ ಒಂದು ಕ್ಷಣ ನನ್ನ ಮುಖ ನೋಡಿ 7,500 ಅಂದ.

ಆದರೆ ಅವನು ಇನ್ನೊಂದು ಕೆಲಸ ಮಾಡಿದ, ಮೊದಲಿನ ಇಬ್ಬರು ಮಾಡದೆ ಇದ್ದದ್ದು. ಟೇಪು ತೆಗೆದು ಎರಡು ಗೈಡುಗಳ ನಡುವಿನ ಅಗಲವನ್ನು ಮೇಲೆ, ನಡುವೆ, ಕೆಳಗೆ ಅಳೆದ. ಗುದ್ದು ಬಿದ್ದದ್ದು ಬಲಗಡೆ. ಆದರೆ ಎಡಗಡೆಯ ಗೈಡ್ ಮೇಲಿಗಿಂತ ಕೆಳಗೆ ಅರ್ಧ ಇಂಚಿಗೂ ಹೆಚ್ಚು ಒಳಗೆ ಬಂದಿತ್ತು. ಗೋಡೆಯ ಬುಡದಲ್ಲಿ ಓರೆಯಾಗಿ ಬಿರುಕು. ಕಪ್ಪು ಮಣ್ಣು ಮಳೆಗೆ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಗೆ ಒಣಗಿ ಕುಗ್ಗಿ ಸೀಳುತ್ತದೆ. ಆಳವಾಗಿ ಪಾಯ ಹಾಕದ ಕಟ್ಟಡ ಅದರೊಂದಿಗೆ ಸ್ವಲ್ಪ ಸ್ವಲ್ಪ ಕದಲುತ್ತದೆ. ಮಳೆಗಾಲದಲ್ಲಿ ಈ ಶಟರ್ ಬಿಗಿಯಾಗುತ್ತದೆ, ಮಾರ್ಚ್ ಆದರೆ ಸಡಿಲವಾಗುತ್ತದೆ ಎಂದು ನಮ್ಮ ಹುಡುಗರು ಮೊದಲೇ ಹೇಳುತ್ತಿದ್ದರು. ಇದಕ್ಕೆ ಹೊಸ ಶಟರ್ ಹಾಕಿದ್ದರೆ ಏನಾಗುತ್ತಿತ್ತು? ಹೊಸ ಶಟರ್ ಹಳೆಯ ಗೋಡೆಯಲ್ಲೇ ಕೂರುತ್ತಿತ್ತು, ಮುಂದಿನ ಮಳೆಗೆ ಪುನಃ ಬಿಗಿಯಾಗುತ್ತಿತ್ತು. 24,000 ಕೊಟ್ಟು ಗೋಡೆಯ ಕಾಯಿಲೆಗೆ ಬಾಗಿಲಿಗೆ ಮದ್ದು ಮಾಡಿದ ಹಾಗೆ. ಎಡಗಡೆಯ ಗೈಡನ್ನೂ ಕಳಚಿ ತೂಗುಗುಂಡು ಹಿಡಿದು ನೇರ ಮಾಡಿ, ಸಂದಿಯಲ್ಲಿ ಕಬ್ಬಿಣದ ತುಂಡು ಕೊಟ್ಟು ಕೂರಿಸಿದೆವು. ಮಾಡಿನ ನೀರು ಗೋಡೆಯ ಬುಡಕ್ಕೇ ಬೀಳುತ್ತಿತ್ತು, ಪೈಪು ಹಾಕಿ ಅದನ್ನು ರಸ್ತೆಯ ಚರಂಡಿಗೆ ತಿರುಗಿಸಿದೆವು. ಎಲ್ಲಾ ಸೇರಿ 9,000 ದಾಟಲಿಲ್ಲ.

ಹೊಂದುವ ಪಟ್ಟಿ ಸಿಗುವುದಿಲ್ಲ ಎನ್ನುವವರಿಗೆ ಒಂದು ಉಪಾಯ ಹೇಳುತ್ತೇನೆ. ಶಟರ್ ಪೂರ್ತಿ ಇಳಿಸಿದಾಗಲೂ ಕೆಲವು ಪಟ್ಟಿಗಳು ಮೇಲೆ ಪೈಪಿಗೆ ಸುತ್ತಿಕೊಂಡೇ ಇರುತ್ತವೆ. ಅವು ಮಳೆ ಬಿಸಿಲು ಕಾಣುವುದಿಲ್ಲ, ಹೊಸದರಂತೆಯೇ ಇರುತ್ತವೆ. ಅವುಗಳನ್ನು ಕೆಳಗೆ ತಂದು, ಬೇರೆ ಅಳತೆಯ ಹೊಸ ಪಟ್ಟಿಯನ್ನು ಮೇಲೆ ಜೋಡುವ ಮೇಸ್ತ್ರಿಗಳಿದ್ದಾರೆ. ಮಡಿಕೆ ಒಂದಕ್ಕೊಂದು ಕೂತರೆ ಸಾಕು. ಅದೂ ಆಗದಿದ್ದರೆ ಗುಜರಿ. ಗುಜರಿ ವ್ಯಾಪಾರದ ಬಗ್ಗೆ ಈ ಬ್ಲಾಗ್ ಓದುವವರಿಗೆ ನಾನು ಹೇಳಿಕೊಡಬೇಕಾಗಿಲ್ಲ, ಪ್ರತಿ ಕುಟುಂಬದಲ್ಲಿ ಒಬ್ಬರಾದರೂ ಇರುತ್ತಾರೆ.

ಇಷ್ಟರ ತನಕ ಹೇಳಿದ್ದು ಹಣದ ವಿಷಯ. ನನಗೆ ನಿದ್ದೆ ಕೆಡಿಸಿದ್ದು ಅದಲ್ಲ.

ಊರು ಬಿಟ್ಟು ಹೋಗಿ ಬೇಕರಿ, ಹೋಟೆಲ್, ಜ್ಯೂಸ್ ಅಂಗಡಿ ನಡೆಸುವ ನಮ್ಮ ಎಷ್ಟೋ ಮಂದಿಯ ಅಂಗಡಿಗಳಲ್ಲಿ ಕೆಲಸದ ಹುಡುಗರು ಮಲಗುವುದು ಎಲ್ಲಿ? ಅಂಗಡಿಯೊಳಗೆ ಅಥವಾ ಹಿಂದಿನ ಗೋಡೌನಿನಲ್ಲಿ. ಶಟರ್ ಎಳೆದು ಒಳಗಿನಿಂದ ಚಿಲಕ ಹಾಕಿ ಮಲಗುತ್ತಾರೆ. ಸುಬಹಿಗೆ ಮೊದಲೇ ಎದ್ದು ಹಿಟ್ಟು ಕಲಸುವ ಕೆಲಸ ಇರುವುದರಿಂದ ಅದೇ ಅನುಕೂಲ ಎಂದು ನಾವೂ ಹೇಳುತ್ತೇವೆ, ಅವರ ಮನೆಯವರಿಗೂ ಹೇಳುತ್ತೇವೆ. ಒಳಗೆ ಒಲೆ ಇದೆ, ಗ್ಯಾಸ್ ಸಿಲಿಂಡರ್ ಇದೆ, ಎಣ್ಣೆ ಇದೆ, ಹಳೆಯ ವಯರಿಂಗ್ ಇದೆ. ಹೊರಗೆ ಹೋಗಲು ಇರುವ ದಾರಿ ಆ ಶಟರ್ ಒಂದೇ. ಗುದ್ದು ತಿಂದು, ಗೋಡೆ ಕದಲಿ, ಇಬ್ಬರು ಸೇರಿ ಒದ್ದರೆ ಮಾತ್ರ ಮೇಲೆ ಹೋಗುವ ಶಟರ್ ಹೊಗೆ ತುಂಬಿದ ಕತ್ತಲೆಯಲ್ಲಿ ಒಬ್ಬ ಹದಿನೆಂಟು ವರ್ಷದ ಹುಡುಗನಿಗೆ ತೆರೆಯುತ್ತದೆಯೇ?

ಆಟೋ ಗುದ್ದಿದ ದಿನ ಶಟರ್ ಅರ್ಧಕ್ಕೆ ನಿಂತಿತ್ತು. ಬಗ್ಗಿ ಒಳಗೆ ಹೊರಗೆ ಹೋಗಬಹುದಿತ್ತು, ವ್ಯಾಪಾರಕ್ಕೆ ತೊಂದರೆ ಇರಲಿಲ್ಲ, ಒಂದು ವಾರ ಹಾಗೇ ನಡೆಸಬಹುದಿತ್ತು. ಆ ರಾತ್ರಿಯೇ ಹುಡುಗರನ್ನು ನನ್ನ ಬಾಡಿಗೆ ಮನೆಯಲ್ಲಿ ಮಲಗಿಸಿದೆ. ಸರಿಯಾದ ಮೇಲೆ ನಾನು ಮೇಸ್ತ್ರಿಗೆ ಹಣ ಕೊಡುವ ಮೊದಲು ಮಾಡಿದ ಪರೀಕ್ಷೆ ಒಂದೇ. ನಮ್ಮಲ್ಲಿ ಎಲ್ಲರಿಗಿಂತ ಸಣ್ಣವನನ್ನು ಒಳಗೆ ನಿಲ್ಲಿಸಿ, ಲೈಟ್ ಆರಿಸಿ, ಚಿಲಕ ಹಾಕಿಸಿ, "ಈಗ ಒಬ್ಬನೇ ತೆಗೆ" ಅಂದೆ. ಮೊದಲ ಸಲ ಚಿಲಕದಲ್ಲೇ ತಡವರಿಸಿದ, ಶಟರ್ ಮಾತ್ರ ಸಲೀಸಾಗಿ ಹೋಯಿತು. ಚಿಲಕವನ್ನು ಮೇಲಕ್ಕೆ, ಕೈಗೆ ಸಿಗುವ ಎತ್ತರಕ್ಕೆ ಹಾಕಿಸಿದೆವು. ಹೀಗೆ ಅಂಗಡಿಯಲ್ಲಿ ಹುಡುಗರನ್ನು ಮಲಗಿಸುವ ನಮ್ಮವರೆಲ್ಲ ಇದೊಂದು ಪರೀಕ್ಷೆಯನ್ನು ಇವತ್ತು ರಾತ್ರಿಯೇ ಮಾಡಬೇಕು. ಫೇಲ್ ಆದರೆ ರಿಪೇರಿಯೋ ಹೊಸದೋ ಎಂದು ಚರ್ಚೆ ಮಾಡುವ ಮೊದಲು ಹುಡುಗರನ್ನು ಹೊರಗೆ ಮಲಗಿಸಿ.

ಇನ್ನು ಉಳ್ಳಾಲದ ಶಟರ್. ಅದಕ್ಕೆ ಯಾರೂ ಗುದ್ದಿಲ್ಲ. ಒಂಬತ್ತು ವರ್ಷದ ಹಿಂದೆ ಅಣ್ಣ ದಮ್ಮಾಮಿನಿಂದ ಹಣ ಕಳಿಸಿ ಮಾಡಿಸಿದ ಕಾರ್ ಶೆಡ್ಡಿನದು. 12 ಅಡಿ ಅಗಲ, 8 ಅಡಿ ಎತ್ತರ, ನೋಡಲು ಭರ್ಜರಿ. ಸಮುದ್ರ ಹತ್ತಿರ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಕರಾವಳಿ, ನಾರಾಯಣಖೇಡ್ ಕಡೆ ಬೀಳುವುದು ಅದರ ಕಾಲು ಭಾಗದಷ್ಟು. ಅದಕ್ಕಿಂತ ಹೆಚ್ಚಿನ ಶತ್ರು ಉಪ್ಪು ಗಾಳಿ. ಉಪ್ಪು ತಗಡಿನ ಮೇಲೆ ಕೂತು ತೇವ ಹಿಡಿದಿಡುತ್ತದೆ, ಮಳೆಗೆ ತೊಳೆದುಹೋಗುವ ಹೊರಮೈಗಿಂತ ಮಡಿಕೆಯ ಒಳಗೆ ಹೆಚ್ಚು ತಿನ್ನುತ್ತದೆ. ಅದಕ್ಕೇ ಹೊರಗಿನಿಂದ ಬಣ್ಣ ಹೊಡೆದ ಶಟರ್ ಚೆನ್ನಾಗಿ ಕಾಣುವುದು, ಎತ್ತಿದಾಗ ಕೆಂಪು ಹುಡಿ ತಲೆಗೆ ಬೀಳುವುದು.

ನಾನು ಊರಿಗೆ ಹೋದಾಗ ಸ್ಕ್ರೂ ಡ್ರೈವರ್ ಹಿಡಿದು ಮಡಿಕೆಗಳನ್ನು ಕೆಳಗಿನಿಂದ ಒತ್ತುತ್ತಾ ಹೋದೆ. ಕೆಳಗಿನ ಹದಿನೈದು ಪಟ್ಟಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ತುದಿ ಒಳಗೆ ಹೋಯಿತು. ಎರಡೂ ಗೈಡುಗಳ ಬುಡ ನೆಲದಿಂದ ಒಂದು ಗೇಣು ಎತ್ತರಕ್ಕೆ ಕರಗಿ ಹೋಗಿತ್ತು, ಯಾಕೆಂದರೆ ಶೆಡ್ಡಿನ ನೆಲದ ಇಳಿಜಾರು ಒಳಗೆ, ತೊಳೆದ ನೀರು ಅಲ್ಲೇ ನಿಲ್ಲುತ್ತದೆ. ಒಂದೆರಡು ಪಟ್ಟಿ ಹಾಳಾದರೆ ಬದಲಾಯಿಸಬಹುದು, ಗೈಡಿನ ಬುಡಕ್ಕೆ ತುಂಡು ಬೆಸೆಯಬಹುದು. ಆದರೆ ಮಡಿಕೆಗಳೇ ಸವೆದು ಹೋದ ಮೇಲೆ ಹೊಸ ಪಟ್ಟಿ ಹಳೆಯ ಪಟ್ಟಿಯನ್ನು ಹಿಡಿದುಕೊಳ್ಳುವುದಿಲ್ಲ. ಜೋರು ಗಾಳಿಗೆ ಪಟ್ಟಿ ಗೈಡಿನಿಂದ ಕಿತ್ತುಕೊಂಡು ಬರುತ್ತದೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗ ಉಳ್ಳಾಲ, ಸೋಮೇಶ್ವರ ಕಡೆಯವರು ಕಂಡ ಗಾಳಿ, ಕಡಲು ನೆನಪಿದ್ದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇದೂ ಬದಲಾಯಿಸಲು ಸಾಕಷ್ಟು ಕಾರಣವೇ. ಆದರೂ ಅಣ್ಣನ ವಾದ ಬೇರೆ. ಕುಟುಂಬದ ವಾಟ್ಸಾಪ್ ಗ್ರೂಪಿನಲ್ಲಿ ಒಂದು ವಾರ ನಡೆಯಿತು. "ಒಂಬತ್ತು ವರ್ಷಕ್ಕೆ ಯಾರಾದ್ರೂ ಶಟರ್ ಎಸೀತಾರಾ? ವೆಲ್ಡಿಂಗ್ ಮಾಡ್ಸು, ರೆಡ್ ಆಕ್ಸೈಡ್ ಹೊಡ್ಸು, ಇನ್ನೈದು ವರ್ಷ ಬರ್ತದೆ." ಅವರ ಮಾತಿನಲ್ಲಿ ತಪ್ಪಿಲ್ಲ. ಮರಳುಗಾಡಿನ ಬಿಸಿಲಿನಲ್ಲಿ ದುಡಿದು ಕಳಿಸಿದ ಹಣ, ಅದರಲ್ಲಿ ಮಾಡಿಸಿದ ಮೊದಲ ದೊಡ್ಡ ಕೆಲಸ. ಇಸ್ರಾಫ್ ಬೇಡ ಎಂದು ಮದ್ರಸದಲ್ಲಿ ಕಲಿತವರು ನಾವು. ಆದರೆ ಒಂದು ವಸ್ತುವನ್ನು ಉಳಿಸಲು ಹೋಗಿ ಒಬ್ಬ ಮನುಷ್ಯನನ್ನು ಸವೆಸಿದರೆ ಅದನ್ನು ಯಾವ ಲೆಕ್ಕಕ್ಕೆ ಹಾಕುವುದು?

ಯಾಕೆಂದರೆ ಆ ಶಟರ್ ಎತ್ತುವುದು ಅಣ್ಣನೂ ಅಲ್ಲ, ನಾನೂ ಅಲ್ಲ. ಉಮ್ಮ. ಕಾರು ಅಲ್ಲಿ ನಿಲ್ಲುವುದು ಅಣ್ಣ ರಜೆಗೆ ಬಂದಾಗ ವರ್ಷಕ್ಕೆ ಒಂದೂವರೆ ತಿಂಗಳು. ಉಳಿದ ದಿನ ಅದರೊಳಗೆ ತೆಂಗಿನಕಾಯಿ, ಸೌದೆ, ವಾಷಿಂಗ್ ಮೆಷಿನ್, ಅಕ್ಕಿಯ ಡ್ರಮ್ಮು. ಅಂದರೆ ದಿನಕ್ಕೆ ಮೂರು ನಾಲ್ಕು ಸಲ ಎತ್ತಬೇಕು. 1.2 ಮಿಲಿಮೀಟರ್ ದಪ್ಪದ ಉಕ್ಕಿನ ತಗಡು ಒಂದು ಚದರ ಮೀಟರಿಗೆ 9.4 ಕಿಲೋ ತೂಗುತ್ತದೆ. 12 ಅಡಿಗೆ 8 ಅಡಿ ಅಂದರೆ 8.9 ಚದರ ಮೀಟರ್. ಮಡಿಕೆ, ಕೆಳಗಿನ ಪಟ್ಟಿ ಎಲ್ಲಾ ಸೇರಿದರೆ ಕ್ವಿಂಟಲಿನ ಹತ್ತಿರ. ಸ್ಪ್ರಿಂಗ್ ಸರಿ ಇರುವ ತನಕ ಆ ಭಾರ ಕೈಗೆ ಗೊತ್ತಾಗುವುದಿಲ್ಲ, ಸ್ಪ್ರಿಂಗೇ ಹೊತ್ತುಕೊಳ್ಳುತ್ತದೆ. ಸ್ಪ್ರಿಂಗ್ ಸೋತಷ್ಟು ಭಾರ ಎತ್ತುವವರ ಭುಜಕ್ಕೆ ವರ್ಗಾವಣೆ ಆಗುತ್ತದೆ, ಗೈಡ್ ತುಕ್ಕು ಹಿಡಿದಷ್ಟು ಇನ್ನೂ ಹೆಚ್ಚು. ಉಮ್ಮ ಹೇಳಿದ್ದು "ಭುಜ ನೋವು, ವಯಸ್ಸಾಯಿತಲ್ಲಾ ಮೋನೇ" ಎಂದು. ವಯಸ್ಸಿನ ಲೆಕ್ಕಕ್ಕೆ ಹಾಕಿದ ಆ ನೋವಿನಲ್ಲಿ ಎಷ್ಟೋ ಭಾಗ ಶಟರಿನದ್ದು.

ಇದರಲ್ಲಿ ಮೂಲದ ದೋಷವೂ ಇತ್ತು. ಭಾರತೀಯ ಮಾನಕದಲ್ಲಿ (ಐಎಸ್ 6248) ಬೇರಿಂಗ್ ಇಲ್ಲದೆ ಕೈಯಲ್ಲಿ ಎತ್ತುವ ಶಟರ್ 8 ಚದರ ಮೀಟರ್ ತನಕ ಎಂದಿದೆ. ಅದಕ್ಕಿಂತ ದೊಡ್ಡದಾದರೆ 12ರ ತನಕ ಬಾಲ್ ಬೇರಿಂಗ್ ಬೇಕು, ಅದನ್ನೂ ದಾಟಿದರೆ ಸರಪಳಿಯ ಗೇರ್. ನಮ್ಮದು 8.9, ಬೇರಿಂಗ್ ಇರಲಿಲ್ಲ. ಮಾಡಿಸುವಾಗ ಅಗಲ ಇರಲಿ ಎಂದಿದ್ದೇ ಹೊರತು ಎತ್ತುವವರು ಯಾರು ಎಂದು ಯಾರೂ ಕೇಳಿರಲಿಲ್ಲ. ಇಂಥ ಶಟರಿಗೆ ವೆಲ್ಡಿಂಗ್ ಮಾಡಿಸಿದರೆ ಆ ದೋಷವನ್ನೇ ಇನ್ನೈದು ವರ್ಷ ಮುಂದುವರಿಸಿದ ಹಾಗೆ.

ಗ್ರೂಪಿನಲ್ಲಿ ಇಷ್ಟೆಲ್ಲಾ ಬರೆದೆ, ಅಣ್ಣ ಒಪ್ಪಲಿಲ್ಲ. ಆಮೇಲೆ ತಂಗಿಯ ಮಗಳು ಏನೂ ಬರೆಯದೆ ಒಂದು ವಿಡಿಯೋ ಹಾಕಿದಳು. ಉಮ್ಮ ಎರಡು ಕೈಯಲ್ಲಿ ಶಟರನ್ನು ಮೊಣಕಾಲಿನ ತನಕ ಎತ್ತುತ್ತಾರೆ, ಕೆಳಗೆ ಒಂದು ಕಲ್ಲು ತಳ್ಳುತ್ತಾರೆ, ಉಸಿರು ತೆಗೆದುಕೊಳ್ಳುತ್ತಾರೆ, ಪುನಃ ಎತ್ತುತ್ತಾರೆ, ಮರದ ಗೂಟ ಕೊಡುತ್ತಾರೆ, ಬಗ್ಗಿ ಒಳಗೆ ಹೋಗುತ್ತಾರೆ. ನೂರು ಕಿಲೋ ಹತ್ತಿರದ ಕಬ್ಬಿಣ ಒಂದು ಗೂಟದ ಮೇಲೆ ನಿಂತಿದೆ, ಕೆಳಗೆ ಉಮ್ಮ. ಅಣ್ಣನ ಉತ್ತರ ಐದು ನಿಮಿಷದಲ್ಲಿ ಬಂತು, "ನಾಳೆಯೇ ತೆಗೆಸು."

ಬದಲಾಯಿಸುವುದು ಅಂದರೆ ಅದೇ ಅಳತೆಯ ಇನ್ನೊಂದನ್ನು ತಂದು ಹಾಕುವುದು ಎಂದು ತಿಳಿಯಬೇಡಿ. ತೆರೆದ ಗೋಡೆ ಎದುರಿಗೆ ಸಿಕ್ಕಿದಾಗ ಯೋಚಿಸಲು ಒಂದು ಅವಕಾಶ ಸಿಗುತ್ತದೆ. ನಾವು 12 ಅಡಿಯನ್ನು 9 ಅಡಿಗೆ ಇಳಿಸಿ ಎರಡು ಬದಿಗೂ ಕೆಂಪು ಕಲ್ಲಿನ ಗೋಡೆ ಎಬ್ಬಿಸಿದೆವು. ಸತು ಲೇಪಿಸಿದ ಪಟ್ಟಿ, ಬಾಲ್ ಬೇರಿಂಗ್, ಗೈಡಿನ ಬುಡ ನೆಲಕ್ಕೆ ತಾಗದೆ ಒಂದು ಇಂಚು ಮೇಲೆ, ನೆಲದ ಇಳಿಜಾರು ಹೊರಗೆ. ಎಲ್ಲಕ್ಕಿಂತ ಮುಖ್ಯ, ಅಡುಗೆ ಕೋಣೆಯ ಕಡೆಯ ಗೋಡೆಯಲ್ಲಿ ಮೂರಡಿಯ ಸಾಮಾನ್ಯ ಬಾಗಿಲು. ಉಮ್ಮ ಈಗ ಶಟರ್ ಮುಟ್ಟುವುದೇ ಇಲ್ಲ. ಈ ಬಾಗಿಲನ್ನು ಒಂಬತ್ತು ವರ್ಷ ಹಿಂದೆಯೇ ಇಡಬಹುದಿತ್ತು, ಖರ್ಚೂ ಹೆಚ್ಚಿರಲಿಲ್ಲ.

ಹೊಸದು ಹಾಕಿಸುವವರು ಗೇಜ್ ವಿಷಯದಲ್ಲಿ ಎಚ್ಚರ ಇಟ್ಟುಕೊಳ್ಳಬೇಕು. ಗೇಜ್ ಸಂಖ್ಯೆ ಏರಿದಷ್ಟು ತಗಡು ತೆಳು. 18 ಗೇಜ್ ಅಂದರೆ ಸುಮಾರು 1.2 ಮಿಲಿಮೀಟರ್, 20 ಅಂದರೆ 0.9ರ ಆಸುಪಾಸು, 22 ಇನ್ನೂ ತೆಳು. ಸರಕಾರಿ ಕಟ್ಟಡಗಳಿಗೆ ಕೇಂದ್ರ ಲೋಕೋಪಯೋಗಿ ಇಲಾಖೆ ಬರೆಯುವ ಅಳತೆ 80 ಮಿಲಿಮೀಟರ್ ಅಗಲ, 1.25 ಅಥವಾ 1.2 ಮಿಲಿಮೀಟರ್ ದಪ್ಪದ ಪಟ್ಟಿ. ಇಬ್ಬರು ಕೊಟ್ಟ ದರದಲ್ಲಿ ದೊಡ್ಡ ವ್ಯತ್ಯಾಸ ಕಂಡರೆ ಹೆಚ್ಚಾಗಿ ಅದು ಇಲ್ಲಿಯೇ ಅಡಗಿರುತ್ತದೆ. ದಪ್ಪವನ್ನು ಮಿಲಿಮೀಟರಿನಲ್ಲೇ ಬಿಲ್ಲಿನಲ್ಲಿ ಬರೆಸಿ. ಸತು ಲೇಪಿಸಿದ ಪಟ್ಟಿಗೆ ವೆಲ್ಡಿಂಗ್ ಮಾಡಿದರೆ ಆ ಜಾಗದಲ್ಲಿ ಸತು ಸುಟ್ಟುಹೋಗುತ್ತದೆ, ಅಲ್ಲಿಗೆ ಸತುವಿನ ಪೈಂಟ್ ಹಚ್ಚದೆ ಬಿಟ್ಟರೆ ತುಕ್ಕು ಅಲ್ಲಿಂದಲೇ ಶುರು. ಗೈಡಿನೊಳಗೆ ದಪ್ಪ ಗ್ರೀಸ್ ಮೆತ್ತುವ ಅಭ್ಯಾಸ ಬಿಡಿ. ಕಡಲ ಬದಿಯಲ್ಲಿ ಮರಳು, ಆ ಕಡೆ ಧೂಳು ಅದರಲ್ಲಿ ಅಂಟಿ ಅರದ ಹಾಗೆ ಉಜ್ಜುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ ತೆಳು ಎಣ್ಣೆ ಸ್ವಲ್ಪ ಸಾಕು.

ಸ್ಪ್ರಿಂಗ್ ಮಾತ್ರ ಮನೆಯವರು ಮುಟ್ಟುವ ವಸ್ತುವಲ್ಲ. ಶಟರ್ ಕೆಳಗಿರುವಾಗ ಅದು ಪೂರ್ತಿ ಬಿಗಿದಿರುತ್ತದೆ, ಬ್ರಾಕೆಟ್ ಸಡಿಲಿಸಿದರೆ ಪೈಪು ಒಮ್ಮೆಲೇ ತಿರುಗಿ ಕೈ, ಮುಖ ಸಿಕ್ಕಿದ್ದನ್ನು ಹೊಡೆಯುತ್ತದೆ. ಯೂಟ್ಯೂಬ್ ನೋಡಿ ಏಣಿ ಹತ್ತುವ ಹುಡುಗರು ಎಲ್ಲಾ ಮನೆಯಲ್ಲಿದ್ದಾರೆ. ಅವರನ್ನು ಇಳಿಸಿ. ಅರ್ಧ ಎತ್ತಿ ಕೈ ಬಿಟ್ಟಾಗ ಶಟರ್ ತಾನಾಗಿ ಧಡ್ ಎಂದು ಇಳಿದರೆ ಸ್ಪ್ರಿಂಗ್ ಸೋತಿದೆ ಎಂದು ತಿಳಿದುಕೊಂಡು ಕೆಲಸದವರನ್ನು ಕರೆಯುವುದಷ್ಟೇ ನಮ್ಮ ಕೆಲಸ. ಬಹಳಷ್ಟು ಸಲ ಸ್ಪ್ರಿಂಗ್ ಒಂದನ್ನೇ ಬದಲಾಯಿಸಿದರೆ "ಹಾಳಾದ" ಶಟರ್ ಪುನಃ ಹೊಸದರ ಹಾಗೆ ನಡೆಯುತ್ತದೆ.

ಅಣ್ಣನಿಗೆ ಈಗ ಮೋಟಾರ್ ಹಾಕಿಸುವ ಆಸೆ. ರಿಮೋಟ್ ಒತ್ತಿದರೆ ತೆರೆಯುವಂಥದ್ದು. ಕೈಯಲ್ಲಿ ಸಲೀಸಾಗಿ ಹೋಗುವ ಶಟರಿಗೆ ಮೋಟಾರ್ ಹಾಕಲಿ, ನನ್ನ ಅಡ್ಡಿ ಇಲ್ಲ. ಬಿಗಿಯಾದ ಶಟರಿಗೆ ಹಾಕುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಮೋಟಾರಿಗೆ ನೋವಾಗುವುದಿಲ್ಲ, ಅದು ಎಳೆಯುತ್ತಲೇ ಇರುತ್ತದೆ, ದೋಷ ಯಾರಿಗೂ ಗೊತ್ತಾಗುವುದಿಲ್ಲ. ಮಳೆಗಾಲದಲ್ಲಿ ಕರೆಂಟ್ ಹೋದಾಗ ಕೈಯಲ್ಲಿ ಎತ್ತುವ ಸರಪಳಿ ಇದೆಯೇ ಎಂದೂ ನೋಡಬೇಕು. ರಂಝಾನಿನ ರಜೆಗೆ ಬಂದಾಗ ಅವರೇ ಒಂದು ವಾರ ಎತ್ತಿ ಇಳಿಸಿ ನೋಡಲಿ, ಆಮೇಲೆ ತೀರ್ಮಾನ ಎಂದಿದ್ದೇನೆ.

ನಾರಾಯಣಖೇಡ್‌ನಲ್ಲಿ ಒಂದು ಕೆಲಸ ಬಾಕಿ ಇದೆ. ಗೋಡೌನಿನ ಹಿಂದಿನ ಗೋಡೆಯಲ್ಲಿ ಒಂದು ಬಾಗಿಲು ತೆಗೆಯಬೇಕು, ಒಳಗಿನಿಂದ ತಳ್ಳಿದರೆ ಗಲ್ಲಿಗೆ ತೆರೆಯುವಂಥದ್ದು. ಕಟ್ಟಡದ ಯಜಮಾನರು ಗೋಡೆ ಒಡೆಯಲು ಇನ್ನೂ ಒಪ್ಪಿಲ್ಲ. ಖರ್ಚು ನನ್ನದೇ ಎಂದಿದ್ದೇನೆ. ಬಾಡಿಗೆ ಕರಾರು ಮುಗಿಯಲು ನಾಲ್ಕು ತಿಂಗಳಿದೆ, ಆ ಬಾಗಿಲು ಇಲ್ಲದೆ ಹೊಸ ಕರಾರಿಗೆ ಸಹಿ ಹಾಕುವುದಿಲ್ಲ ಎಂದೂ ಹೇಳಿ ಆಗಿದೆ. ಅಲ್ಲಿಯ ತನಕ ಹುಡುಗರು ನನ್ನ ಮನೆಯಲ್ಲೇ ಮಲಗುತ್ತಾರೆ, ಸುಬಹಿಗೆ ಒಟ್ಟಿಗೆ ಹೋಗಿ ಶಟರ್ ಎತ್ತುತ್ತೇವೆ.